ರಾತ್ರಿ ಒಂಬತ್ತರ ಮಾತ್ರೆ

ಆಗಸ್ಟ್ 12, 2024. ಬೆಳಿಗ್ಗೆ 8

ಇವರಿಗೆ ಬೆಳಗಿನ ಮಾತ್ರೆ ಆಯ್ತು. ಚಾರ್ಟಿನಲ್ಲಿ ಟಿಕ್. ಪಾರ್ಕಿನ್ಸನ್ ಕಾಯಿಲೆಯ ಹೊಸ ಔಷಧ, ಟ್ರಯಲ್‌ಗೆ ಸೇರಿ ಎರಡು ತಿಂಗಳು. ಮಧ್ಯಾಹ್ನದ ಮಾತ್ರೆಗೂ ತಕರಾರಿಲ್ಲ. ರಾತ್ರಿ ಒಂಬತ್ತರದ್ದೇ ಫಜೀತಿ. ಬಸದಿಗೆ ಚಾತುರ್ಮಾಸಕ್ಕೆ ಬಂದ ಮುನಿ ಮಹಾರಾಜರ ಮುಂದೆ ವ್ರತ ಹಿಡಿದು ಬಂದಿದ್ದಾರೆ — ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ.

"ಔಷಧಕ್ಕ ದೋಷ ಇಲ್ರೀ" ಎಂದೆ.

"ರತ್ನಾ, ಕೈ ಅಂತೂ ನನ್ನ ಮಾತು ಕೇಳೂದಿಲ್ಲ. ಮನಸಾದ್ರೂ ಕೇಳಲಿ ಬಿಡು."

ಡಾಕ್ಟರಿಗೆ ತಿಳಿಸಿದರೆ ಟ್ರಯಲ್‌ನಿಂದ ತೆಗೆದೇಬಿಡುತ್ತಾರೆ. ಇದೊಂದೇ ಆಸೆ ಉಳಿದಿರುವುದು. ನಿನ್ನೆ ರಾತ್ರಿಯ ಮಾತ್ರೆ ಸಿಂಕಿಗೆ. ಚಾರ್ಟಿನಲ್ಲಿ ಟಿಕ್.

ಸೆಪ್ಟೆಂಬರ್ 9

ಚೆಕಪ್. ಬೀಡಿ ಊರಿನ ಫಕೀರವ್ವ ಇವತ್ತೂ ಪಕ್ಕದ ಕುರ್ಚಿಯಲ್ಲಿ. ನಸುಕಿನಲ್ಲೇ ಹೊರಟು, ಖಾನಾಪುರದಲ್ಲಿ ಬಸ್ ಬದಲಿಸಿ ಬರುತ್ತಾರೆ. ಅವರಿಗೂ ಇದೇ ಮಾತ್ರೆ.

"ಅಕ್ಕಾರ, ಎರಡ ವರ್ಷದ ಮ್ಯಾಲೆ ಮೊನ್ನಿ ನಾನ ಎಮ್ಮಿ ಹಿಂಡಿದ್ನಿರಿ!"

ಖುಷಿಯಾಯ್ತು, ಹೊಟ್ಟೆಕಿಚ್ಚೂ ಆಯ್ತು. ಇವರು ನಡುಗುವ ಕೈಯನ್ನು ಟವೆಲಿನಡಿ ಸೇರಿಸಿಕೊಂಡರು. ಡಾ. ಶಶಿಧರ ಚಾರ್ಟ್ ತಿರುವಿ, "ಒಂದೂ ತಪ್ಪಿಲ್ಲ, ಭೇಷ್!" ಎಂದರು.

ಡಿಸೆಂಬರ್ 2

ಚಾತುರ್ಮಾಸ ಮುಗಿದರೂ ವ್ರತ ಬಿಟ್ಟಿಲ್ಲ. ಟಿಕ್ ಹಾಕುವುದು ನನಗೂ ರೂಢಿಯಾಗಿದೆ.

ಫೆಬ್ರವರಿ 17, 2025

ಟ್ರಯಲ್ ಬಂದ್. ಇಪ್ಪತ್ತೆರಡು ಜನರಲ್ಲಿ ಹನ್ನೆರಡು ಜನರಿಗೆ ಗುಣ ಕಂಡರೆ ಮಾತ್ರ ಮುಂದಿನ ಹಂತಕ್ಕೆ ಹಣ — ಖರ್ಚು ನೋಡಿಕೊಳ್ಳುವ ಟ್ರಸ್ಟಿನವರು ಮೊದಲೇ ಗೆರೆ ಹಾಕಿದ್ದರಂತೆ. ಕಂಡದ್ದು ಹನ್ನೊಂದು ಜನರಿಗೆ.

"ಒಬ್ಬರು ಕಮ್ಮಿ ಬಿದ್ರು ನೋಡ್ರಿ" ಎಂದರು ಡಾಕ್ಟರು. ಸರಿಯಾಗಿ ನುಂಗಿಯೂ ಗುಣವಾಗದವರ ಪಟ್ಟಿಯಲ್ಲಿ ಇವರ ಹೆಸರು — ಪಾರ್ಶ್ವ.



ಫೆಬ್ರವರಿ 20

ಡಾಕ್ಟರಿಗೆ ಎಲ್ಲ ಹೇಳಿಬಿಟ್ಟೆ. ಅವರು ಚಾರ್ಟ್ ಮುಚ್ಚಿಟ್ಟರು.

"ಮೊದಲ ಹೇಳಬಾರದಾಗಿತ್ತೇನ್ರೀ ಅಕ್ಕಾರ? ಸಂಜಿ ಐದೂವರಿಗೆ ಕೊಟ್ರೂ ನಡೀತಿತ್ತು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟ್ರಸ್ಟಿಗೆ ಮತ್ತೆ ಬರೆಯುತ್ತಾರಂತೆ.

ಮಾರ್ಚ್ 11

ಟ್ರಸ್ಟಿನ ಉತ್ತರ ಬಂತು. ಒಂದು ಚಾರ್ಟ್ ಸುಳ್ಳಾದರೆ ಉಳಿದವನ್ನು ನಂಬುವುದು ಹೇಗೆ — ಇಲ್ಲ ಎಂದಿದ್ದಾರೆ. ನ್ಯಾಯವೇ. ಇವರಿಗೆ ಹೇಳಿಲ್ಲ. ಹೇಳಿದರೆ ತಮ್ಮ ವ್ರತದಿಂದಲೇ ಹೀಗಾಯಿತೆಂದು ಕೊರಗುತ್ತಾರೆ. ವ್ರತದ್ದೇನು ತಪ್ಪು? ಟಿಕ್ ಹಾಕಿದವಳು ನಾನು.

ಏಪ್ರಿಲ್ 15. ಸಂಜೆ

ಬೀಡಿಗೆ ಹೋಗಿ ಬಂದೆ. ಫಕೀರವ್ವನ ಮಾತ್ರೆ ಖಾಲಿಯಾಗಿ ತಿಂಗಳಾಯಿತು. ಸೊಸೆ ಪ್ರಮಿಳಾ ಚಹಾದ ಕಪ್ಪನ್ನು ಅತ್ತೆಯ ಬಾಯಿಗೆ ಹಿಡಿದು ಕುಡಿಸುತ್ತಿದ್ದಳು. ಅರ್ಧ ಚಹಾ ಸೀರೆಯ ಮೇಲೆ ಚೆಲ್ಲಿತ್ತು. ನನ್ನನ್ನು ನೋಡಿ ಫಕೀರವ್ವನ ಮುಖ ಅರಳಿತು.

"ಅಕ್ಕಾರ, ನಿಮಗ ಡಾಕ್ಟರ ಗುರುತ ಅದಾರ. ಒಂದ ಮಾತ ಕೇಳ್ರಿ... ಔಷಧ ಯಾಕ ನಿಲ್ಲಿಸಿದ್ರು? ನಾ ಏನರ ತಪ್ಪ ಮಾಡಿದ್ನೇನು? ಖರೇ ಹೇಳ್ತೇನಿ, ಒಂದ ಹೊತ್ತೂ ತಪ್ಪಿಸಿಲ್ರೀ ನಾ."

ಹೇಳಬೇಕೆಂದೇ ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. "ಇಲ್ಲವ್ವಾ, ನಿಮ್ಮದೇನೂ ತಪ್ಪಿಲ್ಲ" ಎಂದೆ.

"ಮತ್ತ ಯಾರದು?"

ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಹೊತ್ತಾಯಿತು ಎಂದು ಎದ್ದು ಬಂದೆ.