‘ವಿಶ್ರಾಂತಿ’ ಎಂಬ ಮಾತನ್ನು ಹಿಂದಕ್ಕೆ ಪಡೆಯಿರಿ

ಬಾಟಲಿ ಕಾರ್ಖಾನೆಯ ಕಾರ್ಮಿಕ ಕಲ್ಯಾಣಾಧಿಕಾರಿಗಳೇ,

ಜನರನ್ನು ಕೆಲಸದಿಂದ ತೆಗೆಯುವುದಕ್ಕೆ ನೀವು ‘ವಿಶ್ರಾಂತಿ’ ಎಂದು ಹೆಸರಿಟ್ಟಿರಿ. ಆ ಹೆಸರಿಗೆ ಹೆದರಿ ನನ್ನ ಗಂಡ ಎದೆನೋವನ್ನು ಮುಚ್ಚಿಟ್ಟುಕೊಂಡೇ ತೀರಿಹೋದರು. ಈಗ ಅದೇ ಕಾರ್ಖಾನೆಯಲ್ಲಿರುವ ನನ್ನ ಮೈದುನನೂ ಅದೇ ದಾರಿ ಹಿಡಿದಿದ್ದಾನೆ. ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ತಾವು ಯಾವಾಗಲೂ ಮೀಟಿಂಗಿನಲ್ಲಿರುತ್ತೀರಿ. ಪತ್ರಿಕೆಯನ್ನಾದರೂ ಓದುತ್ತೀರಿ ಎಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಬೇಡಿಕೆ ಕುಸಿದು ದೊಡ್ಡ ಕುಲುಮೆಯನ್ನು ಆರಿಸಿದಾಗ ಎಲ್ಲರಿಗೂ ದಿಗಿಲಾಗಿತ್ತು. ಆಗ ನೀವು ಕಾರ್ಖಾನೆಯ ಅಂಗಳದ ಕಟ್ಟೆಯ ಮೇಲೆ ನಿಂತು, ‘ಯಾರನ್ನೂ ತೆಗೆಯುವುದಿಲ್ಲ, ಕೆಲವರಿಗೆ ವಿಶ್ರಾಂತಿ ಕೊಡುತ್ತೇವೆ, ಅಷ್ಟೆ’ ಎಂದಿರಿ. ಎಂಥ ದೊಡ್ಡ ಮನಸ್ಸು! ಬೆಂಕಿಯ ಮುಂದೆ ಬೆಂದವರಿಗೆ ವಿಶ್ರಾಂತಿ ಬೇಡವೇ? ಆದರೆ ವಿಶ್ರಾಂತಿಗೆ ಹೋದ ಒಬ್ಬರನ್ನಾದರೂ ನೀವು ವಾಪಸು ಕರೆದದ್ದುಂಟೇ? ನಮ್ಮ ಬೀದಿಯಲ್ಲಿ ಆ ಮಾತು ತಮಾಷೆಯಾಯಿತು. ಎದುರು ಮನೆಯಾಕೆ ತಳ ಒಡೆದ ಬಕೆಟ್ಟನ್ನು ಹೊರಗೆಸೆದು, ‘ಇದಕ್ಕೂ ವಿಶ್ರಾಂತಿ ಕೊಟ್ಟೆ ಕಣ್ರೀ’ ಎನ್ನುತ್ತಿದ್ದಳು. ನಕ್ಕೆವು. ನಗದೆ ಇನ್ನೇನು ಮಾಡುವುದು?

ಕಷ್ಟಕಾಲದಲ್ಲಿ ಕೆಲಸಗಾರರ ಮನಸ್ಸಿಗೆ ಆಸರೆಯಾಗಲೆಂದು ನೀವು ಒಂದು ‘ನೆರವಿನ ಕೋಣೆ’ಯನ್ನೂ ತೆರೆದಿರಿ. ಮೆತ್ತನೆಯ ಕುರ್ಚಿ, ಗೋಡೆಯ ಮೇಲೆ ಸೂರ್ಯೋದಯದ ಚಿತ್ರ, ಕಣ್ಣೊರೆಸಿಕೊಳ್ಳಲು ಡಬ್ಬಿಯ ತುಂಬ ಕಾಗದದ ಕರವಸ್ತ್ರ. ಒಂದೇ ಊನ. ಅದರ ಗೋಡೆ ಗಾಜಿನದು. ಒಳಗೆ ಯಾರು ಅಳುತ್ತಿದ್ದಾರೆ ಎಂದು ಮೇಸ್ತ್ರಿ ತನ್ನ ಜಾಗದಿಂದಲೇ ನೋಡಬಹುದಿತ್ತು. ಪ್ಯಾಕಿಂಗ್ ವಿಭಾಗದ ಒಬ್ಬಾಕೆ ಮಗಳ ಕಾಯಿಲೆಯ ಸಂಕಟ ಹೇಳಿಕೊಳ್ಳಲು ಹೋದಳು. ಆ ವಾರವೇ ಅವಳಿಗೆ ವಿಶ್ರಾಂತಿ ಸಿಕ್ಕಿತು. ಆಮೇಲೆ ಆ ಕಡೆ ಯಾರೂ ಸುಳಿಯಲಿಲ್ಲ. ಕೋಣೆ ಖಾಲಿಯಿರುವುದನ್ನು ಕಂಡು, ‘ನಮ್ಮವರು ನೆಮ್ಮದಿಯಾಗಿದ್ದಾರೆ’ ಎಂದು ನೀವು ಮೇಲಿನವರಿಗೆ ತಿಳಿಸಿದಿರಂತೆ.

ನನ್ನ ಗಂಡನಿಗೆ ದೀಪದ ಮುಂದೆ ಹಾದುಹೋಗುವ ಬಾಟಲಿಗಳಲ್ಲಿ ಬಿರುಕು ಹುಡುಕುವ ಕೆಲಸ. ಕೂದಲೆಳೆಯಂಥ ಬಿರುಕಿದ್ದರೂ ಬಾಟಲಿಯನ್ನು ಪಕ್ಕಕ್ಕಿಡಬೇಕು. ಆ ದಿನಗಳಲ್ಲಿ ಮೇಸ್ತ್ರಿಗಳು ಮನುಷ್ಯರನ್ನೂ ಹಾಗೆಯೇ ನೋಡಲು ಶುರುಮಾಡಿದರು ಎಂದು ಅವರು ಹೇಳುತ್ತಿದ್ದರು. ಕೆಮ್ಮು ಬಂದರೆ ಯಂತ್ರದ ಸದ್ದು ಜೋರಾಗುವವರೆಗೆ ತಡೆದುಕೊಳ್ಳುತ್ತಿದ್ದರಂತೆ. ಪಕ್ಕದಲ್ಲಿ ನಿಲ್ಲುತ್ತಿದ್ದ ಗೆಳೆಯ, ಎಲ್ಲರೂ ‘ಮೀಸೆ’ ಎಂದು ಕರೆಯುವವರು, ‘ಏನಯ್ಯಾ, ಮುಖ ಬಾಡಿದೆ, ವಿಶ್ರಾಂತಿ ಬೇಕಾ?’ ಎಂದು ಕಿಚಾಯಿಸಿದರೆ, ಇವರು ‘ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ಮೆಲ್ಲಗೆ ಮಾತಾಡೋ’ ಎಂದು ಸುತ್ತ ನೋಡುತ್ತಿದ್ದರಂತೆ.

ಕೊನೆಗೆ ನಾನೇ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಆಕೆ ಎದೆಯನ್ನು ನಿಧಾನವಾಗಿ ಪರೀಕ್ಷಿಸಿ, ‘ನಿಮಗೆ ಪೂರ್ತಿ ವಿಶ್ರಾಂತಿ ಬೇಕು’ ಎಂದರು. ಇವರು ಗಡಬಡಿಸಿ ಎದ್ದು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು.

‘ಡಾಕ್ಟ್ರೇ, ನಾನೇನು ತಪ್ಪು ಮಾಡ್ದೆ? ಕಾರ್ಖಾನೆಯಿಂದ ಯಾರಾದ್ರೂ ಫೋನ್ ಮಾಡಿದ್ರಾ?’

‘ಯಾವ ಕಾರ್ಖಾನೆ? ಮನೇಲಿ ಮಲಗಿ ಅಂದೆ ಕಣ್ರೀ.’

‘ಅದೇ, ಅದನ್ನೇ ಬೇಡ ಅಂತಿರೋದು. ಇನ್ನೇನಾದ್ರೂ ಬರ್ಕೊಡಿ. ಆ ಮಾತೊಂದು ಬೇಡ.’

ಡಾಕ್ಟರು ನಕ್ಕರು. ಆ ಮಾತಿಗೆ ನಮ್ಮಲ್ಲಿರುವ ಅರ್ಥ ಅವರಿಗೆ ಗೊತ್ತಿರಲಿಲ್ಲ. ಇವರು ಮಾತ್ರೆ ನುಂಗಿದರು, ಕೆಲಸ ಬಿಡಲಿಲ್ಲ. ಕೆಲವೇ ದಿನಗಳಲ್ಲಿ, ಬೆಳಿಗ್ಗೆ ನಿಮ್ಮ ಬಸ್ಸಿಗೆ ಕಾಯುತ್ತ ಕಲ್ಲಿನ ಮೇಲೆ ಕೂತವರು ಬಸ್ಸು ಬಂದಾಗ ಏಳಲಿಲ್ಲ. ನಿಮ್ಮ ಕಚೇರಿಯಿಂದ ಹೂವಿನ ಹಾರ ಬಂತು. ಅದಕ್ಕೆ ಕಟ್ಟಿದ ಪಟ್ಟಿಯಲ್ಲಿ ‘ಚಿರವಿಶ್ರಾಂತಿ’ ಎಂದಿತ್ತು. ಮೀಸೆಯವರು ಅದನ್ನು ಓದಿ, ‘ಸತ್ತ ಮೇಲೂ ಬಿಡ್ಲಿಲ್ವಲ್ಲಮ್ಮಾ’ ಎಂದು ಪಟ್ಟಿಯನ್ನು ಹರಿದು ಜೇಬಿಗೆ ಹಾಕಿಕೊಂಡರು. ನೀವು ಕೇಡು ಬಯಸಿ ಬರೆಸಿದ್ದಲ್ಲ ಎಂದು ಗೊತ್ತು. ಒಳ್ಳೆಯ ಮಾತನ್ನು ಕೆಡಿಸಿಟ್ಟರೆ ಅದು ಸಾವಿನ ಮನೆಗೂ ಉಪಯೋಗಕ್ಕೆ ಬಾರದು.

ಈಗ ಮೈದುನನ ವಿಷಯ. ಪ್ಯಾಕಿಂಗ್ ವಿಭಾಗದಲ್ಲಿದ್ದಾನೆ, ನಮ್ಮ ಜೊತೆಯಲ್ಲೇ ಇರುತ್ತಾನೆ. ಈ ವಾರವೆಲ್ಲ ಎಡಭುಜ ಒತ್ತಿಕೊಳ್ಳುತ್ತಿದ್ದಾನೆ.

‘ಏನೋ ಅದು?’ ಎಂದೆ.

‘ಏನಿಲ್ಲ ಅತ್ತಿಗೆ, ಗ್ಯಾಸು.’

‘ಭುಜದಲ್ಲಿ ಯಾವ ಗ್ಯಾಸೋ? ನಡಿ ಡಾಕ್ಟ್ರ ಹತ್ರ.’

‘ಹೋದ್ರೆ ಅವ್ರೂ ಅದನ್ನೇ ಹೇಳಿಬಿಟ್ರೆ?’

ಅಣ್ಣನ ಹೆಣಕ್ಕೆ ಹೆಗಲು ಕೊಟ್ಟವನು ಹೀಗೆ ಕೇಳುತ್ತಾನೆಂದರೆ, ಸಾವಿಗಿಂತ ನಿಮ್ಮ ಮಾತಿಗೇ ಅವನು ಹೆಚ್ಚು ಹೆದರುತ್ತಾನೆ ಎಂದಾಯಿತು. ಕಾರ್ಖಾನೆಗೆ ಕಷ್ಟ ಬಂದಿಲ್ಲವೆಂದು ನಾನು ಹೇಳುತ್ತಿಲ್ಲ. ಕಷ್ಟ ಬಂದಾಗ ಕೆಲಸಗಾರ ತನ್ನ ನೋವನ್ನು ಹೇಳಿಕೊಳ್ಳಲಾಗದಿದ್ದರೆ ನಿಮ್ಮ ಕಲ್ಯಾಣ ಯಾರ ಕಲ್ಯಾಣ?

ನನ್ನ ಬೇಡಿಕೆ ಇಷ್ಟೆ. ಅದೇ ಕಟ್ಟೆಯ ಮೇಲೆ ನಿಂತು ಆ ಮಾತನ್ನು ಹಿಂದಕ್ಕೆ ಪಡೆಯಿರಿ. ಕಾಯಿಲೆಗೆ ರಜೆ ಹಾಕಿದವನ ಜಾಗ ಅವನು ಬರುವವರೆಗೆ ಅವನದೇ ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ನಾಳೆ ನಾನು ಮೈದುನನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ, ಅವನು ಒಪ್ಪಿದರೂ ಸರಿ, ಬೈದರೂ ಸರಿ. ಅಷ್ಟಕ್ಕೇ ಅವನನ್ನು ತೆಗೆಯುವುದಾದರೆ ಸುತ್ತಿ ಬಳಸಬೇಡಿ, ‘ಕೆಲಸ ಹೋಯಿತು’ ಎಂದು ನನಗೇ ಹೇಳಿಕಳಿಸಿ. ಕೆಲಸ ಹೋದವನಿಗೆ ಊಟ ಬಡಿಸುತ್ತೇನೆ. ಬಡಿಸಲು ಅವನು ಇರಬೇಕು, ಅಷ್ಟೆ.

ಇಂತಿ,
ತಮ್ಮ ಕಲ್ಯಾಣಕ್ಕೆ ಒಮ್ಮೆ ಪಾತ್ರಳಾಗಿ ಸಾಕಾಗಿರುವ
ಒಬ್ಬ ಅತ್ತಿಗೆ