ಅಂಗೈಯಲ್ಲಿ ಎರಡು ಹನಿ

ಜೂನ್ ೧೪, ರಾತ್ರಿ.

ನಾನೇ ಹೀಗೆ ಮಾಡಿದೆನೆಂದು ಇನ್ನೂ ನಂಬಲಾಗುತ್ತಿಲ್ಲ. ಸೊಸೆಗೆ ನಾಳೆ ಹೋಟೆಲಿನ ಬಾರಿನಲ್ಲಿ ಪಾನೀಯ ಬೆರೆಸುವ ಕೆಲಸದ ಪರೀಕ್ಷೆ. ಅದಕ್ಕೆಂದು ಮಧ್ಯಾಹ್ನ ನನ್ನ ಅಡುಗೆಮನೆಯಲ್ಲೇ ರಮ್ಮು, ನಿಂಬೆರಸ, ಸಕ್ಕರೆ ಪಾಕ, ಐಸು ಹಾಕಿ ಸ್ಟೀಲ್ ಡಬ್ಬಿ ಕುಲುಕುತ್ತಿದ್ದಳು. ಈ ಮನೆಯೊಳಗೆ ಇದುವರೆಗೆ ಹೆಂಡ ಬಂದದ್ದಿಲ್ಲ. ಬೈದು ನಿಲ್ಲಿಸಲೆಂದೇ ಹೋದೆ. ಅವಳು ಚಮಚ ಎತ್ತಿದಳು. ಇಲ್ಲಿ ಏನು ಮಾಡಿದರೂ ನಾನು ರುಚಿ ನೋಡುವುದು ನಲವತ್ತು ವರ್ಷದ ರೂಢಿ. ಅಂಗೈ ತಾನಾಗಿ ಮುಂದೆ ಹೋಯಿತು. ಬಿದ್ದ ಹನಿಯನ್ನು ನೆಕ್ಕಿದೆ.

“ಹುಳಿ ಜಾಸ್ತಿಯಾಯ್ತು, ಇನ್ನಷ್ಟು ಪಾಕ ಹಾಕು” ಅಂದುಬಿಟ್ಟೆ.

ಹಾಕಿದಳು. ಮತ್ತೆ ಅಂಗೈ ಒಡ್ಡಿದೆ.

“ಈಗ ಸರಿಹೋಯ್ತಾ, ಅತ್ತೆ?”

“ಹೂಂ.”

“ಹಾಗಾದ್ರೆ ನಾಳೆ ಹೋಗ್ಲಾ?”

ಬೇಡವೆನ್ನಲು ಬಾಯಿ ತೆರೆದೆ. ರಮ್ಮಿನ ವಾಸನೆ ನನ್ನ ಬಾಯಿಂದಲೇ ಬಂತು.