ಚೀಲದ ಮೇಲಿನ ಮದುಮಗ

೧೨ ಏಪ್ರಿಲ್ ೧೯೯೯, ಸೋಮವಾರ

ಬೆಳಿಗ್ಗೆಯೆಲ್ಲ ಪುರಸೈವಾಕ್ಕಂ ಜವಳಿ ಅಂಗಡಿಯ ಚಿತ್ರದ ಕೆಲಸ. ಮತ್ತೆ ಅದೇ ಮದುಮಗ, ಅದೇ ಜರಿ ಪಂಚೆ. ಏಳು ವರ್ಷದಿಂದ ಅವರ ಹಳದಿ ಚೀಲದ ಮೇಲೆ ಹಲ್ಲು ಕಿರಿಯುತ್ತಿದ್ದಾನೆ. ಬೇರೆ ಮುಖ ಬರೆಯುತ್ತೇನೆ ಎಂದರೆ ಅಂಗಡಿಯ ಯಜಮಾನ, ಮುದಲಾಳಿ, ಕೈ ಮುಗಿಯುತ್ತಾನೆ. ಅದೃಷ್ಟದ ಮುಖವಂತೆ.

ಮಧ್ಯಾಹ್ನ ಎಗ್ಮೋರ್. ಪುಸ್ತಕದ ಕಮಿಟಿ. ಗಂಡಸರ ಜೊತೆ ಮಲಗುವ ಗಂಡಸರಿಗೆ, ಕಾಯಿಲೆ ಅಂಟಿಸಿಕೊಳ್ಳದೆ ಇರುವುದು ಹೇಗೆಂದು ತಿಳಿಹೇಳುವ ಚಿತ್ರದ ಪುಸ್ತಕ. ಡಾಕ್ಟರ್ ಸತ್ಯನಾರಾಯಣ ಹಳೆಯವನ್ನೆಲ್ಲ ಮೇಜಿನ ಮೇಲೆ ಹರಡಿದರು. ಮೊದಲನೆಯದು ಸೈಕ್ಲೋಸ್ಟೈಲ್ — ಮನುಷ್ಯರೇ ಇಲ್ಲ, ಬರೀ ಬಾಣದ ಗುರುತು, ಕೆಳಗೆ ಇಂಗ್ಲಿಷ್. ಎರಡನೆಯದರಲ್ಲಿ ದೇಹಗಳಿವೆ, ಕತ್ತಿನ ಮೇಲೆ ಏನೂ ಇಲ್ಲ. ಮಟನ್ ಅಂಗಡಿ. ಮೂರನೆಯದು ಅಮೆರಿಕದ್ದು. ಅವರಿಗೆ ಮುಖವಿದೆ, ನಗುವಿದೆ, ಕಾಲಿಗೆ ಸಾಕ್ಸ್ ಬೇರೆ. ಮದ್ರಾಸಿನ ಮೇ ತಿಂಗಳಲ್ಲಿ ಸಾಕ್ಸ್ ಹಾಕಿಕೊಂಡು ಪ್ರೀತಿ ಮಾಡುವವನು ಕಾಯಿಲೆಗೆ ಮೊದಲು ಸೆಕೆಗೇ ಸಾಯುತ್ತಾನೆ.

ನಾನು ಬರೆದದ್ದು ನಮ್ಮವರನ್ನು. ಚಾಪೆ, ಲುಂಗಿ, ಮೀಸೆ. ಒಬ್ಬನ ಮುಖ ಓದುವವನ ಕಡೆಗೆ, ಇನ್ನೊಬ್ಬನ ಬೆನ್ನು. ಡಾಕ್ಟರ್ ಆ ಮುಖದ ಮೇಲೆ ಬೆರಳಿಟ್ಟರು. "ಫೇಸ್ ಎದುಕ್ಕು ಸಾರ್? ಕಳುತ್ತೋಡ ನಿರುತ್ತುಂಗ." ಮುಖ ಯಾಕೆ, ಕತ್ತಿಗೇ ನಿಲ್ಲಿಸಬೇಕಂತೆ. ಮುಖ ಇದ್ದರೆ ಅಶ್ಲೀಲ, ಇಲ್ಲದಿದ್ದರೆ ವಿಜ್ಞಾನ! ಇಂಥವರಿಗೂ ಡಿಗ್ರಿ ಕೊಡುತ್ತಾರೆ. ಮುಖ ತೆಗೆದರೆ ಇಡೀ ಪುಸ್ತಕವನ್ನೇ ವಾಪಸು ಒಯ್ಯುತ್ತೇನೆ ಎಂದು ಕೂಗಾಡಿ ಬಂದೆ.

೨೫ ಏಪ್ರಿಲ್, ಭಾನುವಾರ

ಕಮಲಾಕರ ಬಂದಿದ್ದ. ಪ್ರತಿ ಭಾನುವಾರದ ಹಾಗೆ ಊಟಕ್ಕೆ. ತಂಗಿ ಸುಮತಿಗೆ ಅವನು ಅಣ್ಣನ ಸ್ನೇಹಿತ, ರೈಲ್ವೆ ಆಫೀಸಿನವನು, ನಮ್ಮ ಕಡೆಯವನು. ಅಷ್ಟು ಗೊತ್ತಿದ್ದರೆ ಸಾಕು. ಊಟವಾದ ಮೇಲೆ ಅವಳ ಮಹಡಿಯ ಈ ಕೋಣೆಯಲ್ಲಿ ನಾವು "ಚೆಸ್" ಆಡುತ್ತೇವೆ. ಬೋರ್ಡಿನ ಕುದುರೆ ಕಳೆದು ಯಾವ ಕಾಲವಾಯಿತೋ.

ಸಾರನ್ನದ ಮಧ್ಯೆ ಹೇಳಿದ — ತುಮಕೂರಿನಲ್ಲಿ ಹೆಣ್ಣು ನೋಡಿದ್ದಾರೆ. ಮಧುರಾ ಅಂತ. ಮೊದಲೇ ಹೇಳಿದ್ದರೆ ಪಾಯಸ ಮಾಡುತ್ತಿದ್ದೆ ಎಂದಳು ಸುಮತಿ. ನಾನು ಉಪ್ಪಿನಕಾಯಿ ಕೇಳಿದೆ.

ಮೇಲೆ ಬಂದು ಜಗಳ. ಕೆಳಗೆ ಕೇಳಿಸಬಾರದಲ್ಲ, ಪಿಸುಗುಟ್ಟುವ ಜಗಳ.

"ಅಮ್ಮ ಊಟ ಬಿಟ್ಟು ಕೂತವ್ಳೆ ಕಣೋ ಗಂಗಾಧರ."

"ಹೊಟ್ಟೆ ಹಸಿದ್ರೆ ತಿಂತಾಳೆ ಬಿಡು."

ಚಪ್ಪಲಿ ಮೆಟ್ಟಿ ಹೊರಟೇಹೋದ. ಹೋಗಲಿ. ಚೀಲದ ಮೇಲಿನ ಮದುಮಗ ನಿಜಕ್ಕೂ ಮದುಮಗನಾಗಲಿ. ಅಂಗಡಿಯವನು ಪಂಚೆ ಪುಕ್ಕಟೆ ಕೊಟ್ಟಾನು.

೧೪ ಮೇ, ಶುಕ್ರವಾರ

ಗೆದ್ದೆ!

ಎಣ್ಣೂರಿನಲ್ಲಿ ಒಂದಷ್ಟು ಜನಕ್ಕೆ ಎರಡೂ ಬಗೆಯ ಚಿತ್ರ ತೋರಿಸಿದರಂತೆ. ತಲೆ ಇಲ್ಲದ್ದನ್ನು ನೋಡಿ, ಇವರು ಆಕ್ಸಿಡೆಂಟಿನಲ್ಲಿ ಸತ್ತವರಾ ಎಂದು ಕೇಳಿದರಂತೆ. ಮುಖ ಇದ್ದದ್ದನ್ನು ಯಾರೂ ವಾಪಸು ಕೊಡಲಿಲ್ಲವಂತೆ. ಡಾಕ್ಟರ ಮುಖ ನೋಡಬೇಕಿತ್ತು, ಹರಳೆಣ್ಣೆ ಕುಡಿದವರ ಹಾಗೆ. ಸದ್ಯಕ್ಕೆ ಮುನ್ನೂರು ಪ್ರತಿ, ಮುಖದ ಸಮೇತ. ರೈಲ್ವೆ ಸ್ಟೇಷನ್ ಹತ್ತಿರ ಹಂಚುತ್ತಾರೆ. ಅದು ಸರಿಹೋದರೆ ದೊಡ್ಡ ಪ್ರಿಂಟು.

ಇದನ್ನು ಯಾರಿಗೆ ಹೇಳಲಿ? ಭಾನುವಾರವೂ ಬರುವುದಿಲ್ಲ ಆ ಮಹರಾಯ.

೬ ಜೂನ್

ಇವತ್ತೂ ಬರಲಿಲ್ಲ. ಸುಮತಿ ಮಾಡಿದ್ದ ಹಪ್ಪಳವನ್ನೆಲ್ಲ ನಾನೇ ತಿಂದೆ. ಹೊಟ್ಟೆ ಉರಿ.

೧೦ ಜೂನ್, ಗುರುವಾರ

ಕಮಲಾಕರ ಬಂದ. ಕೆಲಸದ ದಿನ, ನಡುಮಧ್ಯಾಹ್ನ. ಕೂರಲಿಲ್ಲ. ಒಂದು ಕೈಯಲ್ಲಿ ಹಳದಿ ಚೀಲ, ಇನ್ನೊಂದರಲ್ಲಿ ನಮ್ಮ ಪುಸ್ತಕ. ಎರಡನ್ನೂ ಮೇಜಿನ ಮೇಲೆ ಬಿಸಾಕಿದ.

ಎರಡರಲ್ಲೂ ಅದೇ ಬೈತಲೆ. ಅದೇ ಕೆನ್ನೆಗುಳಿ.

ಆಫೀಸಿನವರು ಅವನನ್ನು ಮೊದಲಿಂದಲೂ ಚೀಲದ ಮಾಪಿಳ್ಳೈ, ಚೀಲದ ಮದುಮಗ ಎಂದು ರೇಗಿಸುತ್ತಿದ್ದರು. ಥೇಟ್ ನೀನೇ ಕಣಯ್ಯಾ ಎಂದು. ಇವನೂ ನಗುತ್ತಿದ್ದ. ಇವತ್ತು ಯಾರೋ ಎರಡನ್ನೂ ಅಕ್ಕಪಕ್ಕ ಅವನ ಟೇಬಲ್ಲಿನ ಮೇಲೆ ಇಟ್ಟಿದ್ದಾರೆ. ನಕ್ಕಿದ್ದಾರೆ. ಆಮೇಲೆ ನಗು ನಿಲ್ಲಿಸಿ, ಅವನ ನೀರಿನ ಲೋಟ ಬೇರೆ ಇಟ್ಟಿದ್ದಾರೆ.

"ಬೇಕೂಂತ್ಲೇ ಮಾಡ್ದ್ಯಾ?"

"ನನ್ನ ಕೈಗೆ ಬೇರೆ ಮುಖ ಬರಲ್ಲ." ಸುಳ್ಳಲ್ಲ. ಗಂಡು ಎಂದು ಬರೆಯಲು ಕೂತರೆ ಇವನೇ ಬರುತ್ತಾನೆ.

"ಪುಸ್ತಕದಲ್ಲಿ ಬೆನ್ನು ಹಾಕ್ಕೊಂಡು ಮಲಗಿರೋನು ಯಾರು ಅಂತ ನಂಗೊತ್ತಿಲ್ವಾ? ಮುಖ ಬೇಕು ಮುಖ ಬೇಕು ಅಂತ ಕುಣಿದ್ಯಲ್ಲ, ನಿಂದ್ಯಾಕೆ ಹಾಕ್ಲಿಲ್ಲ? ಹೇಳೋದು ಆಚಾರ, ತಿನ್ನೋದು ಬದನೇಕಾಯಿ!"

"ನನ್ನ ಮುಖ ಯಾರಿಗೆ ಬೇಕಾಗಿತ್ತೋ?"

"ನನ್ನದು ಬೇಕಾ ಅಂತ ನನ್ನನ್ನ ಕೇಳಿದ್ಯಾ?"

ಹೇಡಿ ಎಂದೆ. ಮದುವೆಗೆ ಮುಖ ಕೊಡ್ತೀಯ, ನನಗೆ ಕೊಡೋಕಾಗಲ್ವಾ ಎಂದೆ. ಇನ್ನೂ ಏನೇನೋ. ಅವನು ಅತ್ತ. ನನಗೆ ಕರುಣೆ ಬರಲಿಲ್ಲ, ಸಿಟ್ಟೇ ಬಂತು. ಈಗಲೂ ಸಿಟ್ಟೇ.

೧೧ ಜೂನ್

ಡಾಕ್ಟರ್‌ಗೆ ಫೋನ್ ಮಾಡಿದೆ. ಮುಖ ಬದಲಾಯಿಸಬೇಕು ಎಂದೆ. "ನಾನ್ ಅಪ್ಪವೇ ಸೊನ್ನೇನೇ!" ಆಗಲೇ ಹೇಳಿದ್ದೆನಲ್ಲಾ ಎಂದು ಆನಂದವೋ ಆನಂದ. ಕತ್ತು ಕತ್ತರಿಸಿಬಿಡಿ, ಐದು ನಿಮಿಷದ ಕೆಲಸ ಎಂದರು. ಸೋಮವಾರ ಹತ್ತು ಸಾವಿರ ಪ್ರತಿ ಪ್ರೆಸ್ಸಿಗೆ. ಉಳಿದ ಹಳೆಯ ಪ್ರತಿ ವಾಪಸು ತರಿಸಿ ಎಂದು ಗದರಿದೆ. ತರಿಸುತ್ತಾರಂತೆ. ಕಮಲಾಕರನ ಆಫೀಸಿನಲ್ಲಿರುವುದನ್ನು ಯಾರು ತರಿಸುತ್ತಾರೆ?

೧೩ ಜೂನ್, ಭಾನುವಾರ, ಬೆಳಿಗ್ಗೆ

ಒರಿಜಿನಲ್ ತೆಗೆದು ಕೂತೆ. ಬಿಳಿ ಪೋಸ್ಟರ್ ಕಲರ್ ಹಚ್ಚಿದೆ. ಮೊದಲು ಕಣ್ಣು, ಆಮೇಲೆ ಕೆನ್ನೆಗುಳಿ. ಕಮಲಾಕರ ಹೋದ. ಉಳಿದದ್ದು ಕತ್ತು. ಮಟನ್ ಅಂಗಡಿ.

ಹೀಗೇ ಕೊಟ್ಟುಬಿಡಬಹುದು. ಡಾಕ್ಟರ್ ಖುಷಿ, ಕಮಲಾಕರ ಬಚಾವು. ನಾನೂ.

ಹೊಸ ಹಾಳೆ ತೆಗೆದುಕೊಂಡೆ. ಅದೇ ಚಾಪೆ, ಅದೇ ಲುಂಗಿ. ಇಬ್ಬರನ್ನೂ ತಿರುಗಿಸಿದೆ. ಈಗ ಬೆನ್ನು ಅವನದು. ಬೆನ್ನು ನೋಡಿ ಗುರುತು ಹಿಡಿಯಲು ನನ್ನೊಬ್ಬನಿಗೆ ಮಾತ್ರ ಆಗುತ್ತದೆ.

ಕೆಳಗಿಂದ ಸುಮತಿಯ ಕನ್ನಡಿ ತಂದೆ. ಇಷ್ಟು ವರ್ಷ ಮುಖ ಬರೆದೇ ಹೊಟ್ಟೆ ಹೊರೆದವನು, ನನ್ನದನ್ನು ಒಮ್ಮೆಯೂ ಬರೆದಿಲ್ಲ. ಬೋಳು ನೆತ್ತಿ. ದಪ್ಪ ಮೂಗು. ಒಂದು ಕಿವಿ ಇನ್ನೊಂದಕ್ಕಿಂತ ಕೆಳಗೆ. ಇಂಥ ಮುಖವನ್ನು ಯಾವ ಅಂಗಡಿಯೂ ಚೀಲದ ಮೇಲೆ ಹಾಕುವುದಿಲ್ಲ. ಮುದಲಾಳಿ ನೋಡಿದರೆ ಕೆಲಸ ಹೋಯಿತು. ಹಾಳಾಗಿ ಹೋಗಲಿ. ಭಯ ಅದಕ್ಕಲ್ಲ. ಕೆಳಗೆ ಒಗ್ಗರಣೆ ಹಾಕುತ್ತಿದ್ದಾಳಲ್ಲ, ಅವಳಿಗೆ.

ಕನ್ನಡಕ ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತೆ. ಮಲಗುವಾಗ ತೆಗೆದಿಡುತ್ತೇನೆ. ಆದರೂ ಇರಲಿ. ಗುರುತು ಸಿಗಬೇಕು.

ಮೆಟ್ಟಿಲ ಮೇಲೆ ಸುಮತಿ. "ಅಣ್ಣಾ, ಕಮಲಾಕರ ಇವತ್ತೂ ಬರಲ್ವಾ? ಅಕ್ಕಿ ಎಷ್ಟು ಹಾಕ್ಲಿ?"

ಅವಳ ಹೆಜ್ಜೆ ಕೇಳಿದರೆ ಹಾಳೆ ಮಗುಚಿಡುವುದು ಅಭ್ಯಾಸ. ಕೈ ಹೋಯಿತು. ತಡೆದೆ. ಇಂಕು ಇನ್ನೂ ಹಸಿ — ಅದಕ್ಕಲ್ಲ.

ಬಾ ಸುಮತಿ ಎಂದೆ. ಬಾಗಿಲಲ್ಲಿ ನಿಂತಿದ್ದಾಳೆ. ಹಾಳೆ ಮೇಜಿನ ಮೇಲೇ ಇದೆ, ಮುಖ ಮೇಲಾಗಿ. ಅವಳು ಈಗ ಮೇಜಿನ ಕಡೆಗೆ ಬರುತ್ತಿದ್ದಾಳೆ, ಪೆನ್ನು ಕೆಳಗಿಡುತ್ತೇನೆ.